ಹಳೆಯದನ್ನು ಹೊತ್ತ ಯಂತ್ರಗಳು

ಮೊನ್ನೆ ಕೊಕ್ಕರ್ಣೆ ಪೇಟೆಯ ಜೆರಾಕ್ಸ್ ಅಂಗಡಿಗೆ ಒಂದು ಸಿ.ಡಿ. ಹಿಡಿದು ಹೋಗಿದ್ದೆ. 2003ರ ಸ್ಮರಣ ಸಂಚಿಕೆಗೆಂದು ಅಜ್ಜಿ ಹೇಳಿ ಬರೆಸಿದ್ದ ಲೇಖನ ಅದರಲ್ಲಿತ್ತು. ಅಚ್ಚಾದ ಪ್ರತಿಯನ್ನು ಗೆದ್ದಲು ತಿಂದಿದೆ, ಅಜ್ಜಿಯೂ ಈಗಿಲ್ಲ. ಕಡತ ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು! ‘ಇದ್ ಯಾವ ಭಾಷಿ ಮರಾಯ್ರೆ?’ ಎಂದು ಅಂಗಡಿಯ ಹುಡುಗ ನಕ್ಕ.

ಹೊಸ ಯಂತ್ರ ಹಳೆಯದಕ್ಕೂ ಹೊಂದಿಕೊಳ್ಳಬೇಕೆಂಬುದು ಎಲ್ಲರ ಆಸೆ. ಅದರ ಖರ್ಚನ್ನು ಹೊರುವವರು ಯಾರು?

ಇಂಟೆಲ್ 1978ರಲ್ಲಿ ತಂದ 8086 ಚಿಪ್‌ಗೆ ಇದ್ದದ್ದು 20 ವಿಳಾಸ ತಂತಿಗಳು. ಒಂದು ಮೆಗಾಬೈಟ್ ಅದರ ಗಡಿ. ಗಡಿ ದಾಟಿದ ವಿಳಾಸ ಗಡಿಯಾರದ ಮುಳ್ಳಿನಂತೆ ಮತ್ತೆ ಮೊದಲಿಗೇ ಬರುತ್ತಿತ್ತು. ಕೆಲವು ಪ್ರೋಗ್ರಾಂಗಳು ಈ ಕೊರತೆಯನ್ನೇ ನೆಚ್ಚಿಕೊಂಡವು. 1984ರಲ್ಲಿ ಹೆಚ್ಚು ಮೆಮೊರಿಯ ಎಟಿ ಕಂಪ್ಯೂಟರ್ ತಂದ ಐಬಿಎಂ, ಅವುಗಳಿಗಾಗಿ 21ನೆಯ ತಂತಿಗೆ ‘ಗೇಟು’ ಹಾಕಿ, ಅದರ ಕೀಲಿಯನ್ನು ಕೀಬೋರ್ಡ್ ನೋಡಿಕೊಳ್ಳುವ ಚಿಪ್‌ಗೆ ಕೊಟ್ಟಿತು. ಆ ಗೇಟು ದಶಕಗಳ ಕಾಲ ಮುಂದಿನ ಯಂತ್ರಗಳ ಬೆನ್ನು ಬಿಡಲಿಲ್ಲ.

ಆಟದ ಯಂತ್ರಗಳ ಕಥೆಯೂ ಇದೇ. 2006ರಲ್ಲಿ ಸೋನಿ ತಂದ ಪ್ಲೇಸ್ಟೇಷನ್ 3ರ ಮೊದಲ ಮಾದರಿಗಳೊಳಗೆ ಪ್ಲೇಸ್ಟೇಷನ್ 2ರ ಮುಖ್ಯ ಚಿಪ್‌ಗಳೂ ಇದ್ದವು. ಅಮೆರಿಕದಲ್ಲಿ ಅದರ ಬೆಲೆ 499 ಮತ್ತು 599 ಡಾಲರ್. ಮರುವರ್ಷ ಬೆಲೆ ಇಳಿದ ಮಾದರಿಯಲ್ಲಿ ಆ ಚಿಪ್‌ಗಳೂ ಇರಲಿಲ್ಲ, ಪ್ಲೇಸ್ಟೇಷನ್ 2ರ ಆಟಗಳೂ ನಡೆಯಲಿಲ್ಲ.

ಕನ್ನಡಕ್ಕೆ ಬಿದ್ದ ಖರ್ಚು ಬೇರೆ ಬಗೆಯದು. ಒಂದು ಬೈಟ್‌ನಲ್ಲಿ ಇರುವುದು 256 ಸ್ಥಾನ. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ನಮ್ಮವು ಅಲ್ಲಿ ಹಿಡಿಸುವುದುಂಟೇ? ಹಾಗಾಗಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ತಲೆಕಟ್ಟು, ಕೊಂಬು, ಒತ್ತುಗಳ ತುಂಡುಗಳನ್ನು ಕೂರಿಸಿದರು. ‘ಬರಹ’, ‘ನುಡಿ’ ತಂತ್ರಾಂಶಗಳು ಈ ಉಪಾಯದಿಂದಲೇ ಕನ್ನಡವನ್ನು ಊರೂರಿಗೆ ಮುಟ್ಟಿಸಿದವು. ಇದ್ದ ಯಂತ್ರವೇ ಸಾಕಾಯಿತು. ಆದರೆ ಆ ಫಾಂಟ್ ಇಲ್ಲದ ಕಡೆ ಕನ್ನಡ ಕನ್ನಡವಾಗಿ ಉಳಿಯಲಿಲ್ಲ. 1991ರ ಯೂನಿಕೋಡ್ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಖ್ಯೆ ಕೊಟ್ಟಿತು. ಹಳೆಯ ರೀತಿಯ ಕಡತಗಳು ಮಾತ್ರ ತಾವಾಗಿ ಬದಲಾಗುವುದಿಲ್ಲ.

ಅಂದು ಯಂತ್ರ ಉಳಿಸಿದ್ದನ್ನು ಇಂದು ಓದುಗ ತೆರಬೇಕಾಗಿದೆ. ಹುಡುಗ ಪರಿವರ್ತಕ ತಂತ್ರಾಂಶ ಹುಡುಕಿ ಓಡಿಸಿದ. ಕೆಲವು ಒತ್ತಕ್ಷರ ಕೆಟ್ಟಿದ್ದವು. ಅಜ್ಜಿಯ ಮಾತು ಮಾತ್ರ ಬಂತು. ನಿಮ್ಮ ಮನೆಯ ಕಪಾಟಿನಲ್ಲೂ ಇಂಥ ಸಿ.ಡಿ. ಇದೆಯೇ? ಅದನ್ನು ಓದುವ ಡ್ರೈವ್ ಸಿಗುತ್ತಿರುವಾಗಲೇ ಒಮ್ಮೆ ತೆರೆದು ನೋಡಿ.