ಹಳೆಯ ಕಾರಿನ ಅಡಿಯ ಸದ್ದು

ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಯಿಂದ ಬರುವ ಹಳೆಯ ಕಾರುಗಳಲ್ಲಿ ಕೆಲವು ಅಡಿಯಿಂದ ಗಡಗಡನೆ ಸದ್ದು ಮಾಡುತ್ತವೆ. ಹಳೆಯ ಗಾಡಿಗೆ ಇದು ಸಹಜವೆಂದು ನಾವು ಸುಮ್ಮನಾಗುತ್ತೇವೆ. ಆದರೆ ಪ್ರತಿಯೊಂದು ಸದ್ದಿಗೂ ಕಾರಣವುಂಟು.

ಎಂಜಿನ್ನಿನ ಹೊಗೆಯು ಕೊಳವೆಯಲ್ಲಿ ಹರಿದು, ಸೈಲೆನ್ಸರಿನಲ್ಲಿ ಸದ್ದಡಗಿ, ಹಿಂಬದಿಯಿಂದ ಹೊರಬೀಳುವುದಷ್ಟೆ. ಈ ಕೊಳವೆಯನ್ನು ಗಾಡಿಯ ತಳಕ್ಕೆ ರಬ್ಬರುಗಳಿಂದ ತೂಗುಹಾಕಿರುತ್ತಾರೆ. ತೋಟದ ದಾರಿಯ ಏರುತಗ್ಗುಗಳಲ್ಲಿ ರಬ್ಬರು ಹರಿಯುತ್ತದೆ, ಶಾಖ ತಡೆಯುವ ತಗಡು ಸಡಿಲವಾಗುತ್ತದೆ. ಬರಿಯ ಸಮೀಪದ ಓಡಾಟದಲ್ಲಿ ಸೈಲೆನ್ಸರು ಚೆನ್ನಾಗಿ ಕಾಯದೆ, ಹೊಗೆಯಲ್ಲಿನ ನೀರಾವಿಯು ಒಳಗೇ ನೀರಾಗಿ ನಿಂತು ತುಕ್ಕು ಹಿಡಿಸುತ್ತದೆ.

ಪರೀಕ್ಷೆಗೆ ಮೊದಲು ಗಾಡಿ ಪೂರ್ಣ ತಣ್ಣಗಾಗಲಿ. ಚಕ್ರಗಳಿಗೆ ಕಲ್ಲು ಕೊಟ್ಟು, ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಜಾಕಿಯೊಂದನ್ನೇ ನಂಬಿ ಕೆಳಗೆ ನುಗ್ಗಬಾರದು. ಅನಂತರ ಮುಷ್ಟಿಯಿಂದ ಮೆಲ್ಲಗೆ ತಟ್ಟುತ್ತ ಸಾಗಬೇಕು. ತಗಡು ಝಣಝಣಿಸಿದರೆ ಸಿಕ್ಕಿದ ಕಲ್ಲನ್ನು ತೆಗೆದು, ಕ್ಲಾಂಪ್ ಬಿಗಿದರೆ ಸಾಕು. ಕೊಳವೆಯೇ ತೂಗಾಡಿ ತಳಕ್ಕೆ ಬಡಿಯುತ್ತಿದ್ದರೆ ಹೊಸ ರಬ್ಬರು ಹಾಕಬೇಕು. ತೆಂಗಿನ ನಾರಿನ ಹುರಿ ಕಟ್ಟಿದರೆ ಬಿಸಿಗೆ ಹೊತ್ತಿಕೊಳ್ಳಬಹುದು. ತಂತಿ ಬಿಗಿದರೆ ಅದುರು ತಗ್ಗದೆ ಕೊಳವೆ ಬಿರಿಯಬಹುದು. ಸೈಲೆನ್ಸರಿನ ಒಳಗೇ ಗಲಗಲವೆಂದರೆ ಅಲ್ಲಿನ ತಗಡು ಕಳಚಿದೆಯೆಂದು ತಿಳಿದು, ಅದನ್ನು ಬದಲಾಯಿಸುವುದೇ ಲೇಸು.

ಕೀಲುಗಳ ಬಳಿ ಕರಿಮಸಿ ಕಂಡರೆ ಮಾತ್ರ ತಡಮಾಡಕೂಡದು. ಅಲ್ಲಿ ಹೊಗೆ ಸೋರುತ್ತಿರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಗಾಡಿಯೊಳಗೆ ಸೇರಿದರೆ ಮೊದಲು ತಲೆನೋವು, ಬಳಿಕ ಮಂಪರು, ಕೊನೆಗೆ ಪ್ರಾಣಾಪಾಯ. ಗ್ಯಾಸ್ಕೆಟ್ ಬದಲಾಯಿಸಿಯೋ ವೆಲ್ಡಿಂಗ್ ಮಾಡಿಸಿಯೋ ಸೋರಿಕೆಯನ್ನು ನಿಲ್ಲಿಸಿದ ಮೇಲೆಯೇ ಮನೆಮಂದಿಯನ್ನು ಗಾಡಿಗೆ ಹತ್ತಿಸುವುದು ವಿವೇಕ.