ಸಾಕು ಎನ್ನುವುದು ಯಾರು?

ಗಡಿಯಾರ ಎದುರಿಗಿಟ್ಟುಕೊಂಡು ಉಸಿರು ಬಿಗಿಹಿಡಿದು ಕೂತರೆ, ಅಭ್ಯಾಸವಿಲ್ಲದವರು ಸಾಮಾನ್ಯವಾಗಿ ಮುಕ್ಕಾಲು ನಿಮಿಷಕ್ಕೋ ಒಂದು ನಿಮಿಷಕ್ಕೋ ಸೋತು ಬಾಯಿ ತೆರೆಯುತ್ತಾರೆ. ಒಳಗಿದ್ದ ಗಾಳಿಯೆಲ್ಲ ತೀರಿಹೋಗಿತ್ತು, ಇನ್ನೊಂದು ಗಳಿಗೆ ತಡೆದಿದ್ದರೆ ಪ್ರಾಣವೇ ಹೋಗುತ್ತಿತ್ತು ಎಂದು ಆಣೆ ಮಾಡಿ ಹೇಳುತ್ತಾರೆ. ಲೆಕ್ಕ ಹಾಗೆ ಹೇಳುವುದಿಲ್ಲ.

ದೊಡ್ಡವರ ಶ್ವಾಸಕೋಶ ಪೂರ್ತಿ ತುಂಬಿದರೆ ಐದಾರು ಲೀಟರ್ ಗಾಳಿ ಹಿಡಿಯುತ್ತದೆ. ಅದರಲ್ಲಿರುವ ಆಮ್ಲಜನಕ ಮುಕ್ಕಾಲು ಲೀಟರಿನ ಆಸುಪಾಸು. ರಕ್ತದ ಹಿಮೋಗ್ಲೋಬಿನ್‌ಗೆ ಅಂಟಿಕೊಂಡಿರುವುದೂ ಹೆಚ್ಚುಕಡಿಮೆ ಅಷ್ಟೇ. ಸುಮ್ಮನೆ ಕೂತ ದೇಹ ನಿಮಿಷಕ್ಕೆ ಖರ್ಚು ಮಾಡುವುದು ಸುಮಾರು 250 ಮಿಲಿಲೀಟರ್. ಅಂದರೆ ಒಂದು ನಿಮಿಷಕ್ಕೆ ಕೈಚೆಲ್ಲಿದವರ ದಾಸ್ತಾನಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಹಾಗೇ ಉಳಿದಿದೆ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದು ಈಗ ಡ್ರಾಯರಿನ ಮೂಲೆ ಸೇರಿರುವ ಆಕ್ಸಿಮೀಟರನ್ನು ಬೆರಳಿಗೆ ಸಿಕ್ಕಿಸಿಕೊಂಡು ನೋಡಿದರೂ ಗೊತ್ತಾಗುತ್ತದೆ. ಆರೋಗ್ಯವಂತರಲ್ಲಿ ಒಂದು ನಿಮಿಷದ ಕೊನೆಗೂ ಅಂಕಿ ಅಲುಗಾಡಿರುವುದಿಲ್ಲ, ಅಥವಾ ಒಂದೆರಡು ಅಂಶ ಇಳಿದಿರುತ್ತದೆ, ಅಷ್ಟೆ.

ಹಾಗಾದರೆ ಸಾಕು, ಸಾಕು ಎಂದು ಒಳಗಿನಿಂದ ಕೂಗಿದವರು ಯಾರು? ಇಂಗಾಲದ ಡೈಆಕ್ಸೈಡ್. ಉಸಿರು ನಿಂತೊಡನೆ ಅದು ಹೊರಹೋಗುವ ದಾರಿ ಮುಚ್ಚುತ್ತದೆ. ರಕ್ತದಲ್ಲಿ ಅದರ ಒತ್ತಡ ಸಾಮಾನ್ಯವಾಗಿ ಪಾದರಸದ 40 ಮಿಲಿಮೀಟರಿನಷ್ಟು. ಅದು 50ರ ಹತ್ತಿರಕ್ಕೆ ಏರಿತೆಂದರೆ ಮಿದುಳಿನ ಬುಡದಲ್ಲಿರುವ ಉಸಿರಾಟದ ಕೇಂದ್ರ ರಂಪ ಎಬ್ಬಿಸುತ್ತದೆ. ಕುಕ್ಕರ್ ಕೂಗಿದರೆ ಒಳಗೆ ಒತ್ತಡ ಏರಿತೆಂದು ಅರ್ಥ, ಒಲೆಯ ಸಿಲಿಂಡರ್ ಖಾಲಿಯಾಯಿತೆಂದಲ್ಲ. ನಾವು ಮಾತ್ರ ಮೊದಲ ಕೂಗಿಗೇ ಸಿಲಿಂಡರ್ ಮುಗಿಯಿತೆಂದು ಗಾಬರಿ ಬೀಳುತ್ತೇವೆ. ಉಸಿರು ಹಿಡಿಯುವ ವಿದ್ಯೆಯೆಂದರೆ ಶ್ವಾಸಕೋಶವನ್ನು ಹಿಗ್ಗಿಸುವುದಲ್ಲ. ಈ ಕೂಗನ್ನು ಕೇಳುತ್ತ ಕೂತಿರುವುದನ್ನು ಕಲಿಯುವುದು.

ಇದರಲ್ಲೂ ಒಂದು ತಮಾಷೆಯ ತಿರುವು ಇದೆ. 1954ರಲ್ಲಿ ಅಮೆರಿಕದ ಫೌಲರ್ ಎಂಬ ವಿಜ್ಞಾನಿ ಒಂದು ಪ್ರಯೋಗ ಮಾಡಿದ. ಉಸಿರು ಹಿಡಿದು, ಇನ್ನು ಆಗುವುದೇ ಇಲ್ಲ ಎಂದು ಸೋತವರಿಗೆ ಆತ ಒಳ್ಳೆಯ ಗಾಳಿ ಕೊಡಲಿಲ್ಲ. ಆಮ್ಲಜನಕ ತೀರ ಕಡಿಮೆಯಿದ್ದು ಇಂಗಾಲದ ಡೈಆಕ್ಸೈಡ್ ತುಂಬಿದ್ದ ಕೆಟ್ಟ ಗಾಳಿಯನ್ನು ಕೊಟ್ಟ. ಅದನ್ನೇ ಕೆಲವು ಸಲ ಎಳೆದು ಬಿಟ್ಟವರಿಗೆ ಹಾಯೆನ್ನಿಸಿ, ಮತ್ತೆ ಉಸಿರು ಹಿಡಿಯಲು ಸಾಧ್ಯವಾಯಿತು! ರಕ್ತದ ಸ್ಥಿತಿ ಸುಧಾರಿಸಿರಲಿಲ್ಲ, ಬದಲಿಗೆ ಇನ್ನಷ್ಟು ಕೆಟ್ಟಿತ್ತು. ನೆಮ್ಮದಿ ಕೊಟ್ಟದ್ದು ಎದೆ ಅಲುಗಾಡಿದ ಕ್ರಿಯೆ ಮಾತ್ರ. ಸಂಕಟದಲ್ಲಿ ರಾಸಾಯನಿಕದ ಪಾಲು ಎಷ್ಟೋ, ಬಿಗಿದು ನಿಂತ ಎದೆ ಮತ್ತು ವಪೆಯ ಸ್ನಾಯುಗಳ ಹಟದ ಪಾಲೂ ಅಷ್ಟೇ ಇದೆ ಎಂದು ಆಮೇಲೆ ಬಂದವರು ಈ ಪ್ರಯೋಗವನ್ನು ಓದಿಕೊಂಡರು.

ಆ ಹಟ ಕಣ್ಣಿಗೇ ಕಾಣುತ್ತದೆ. ಒಂದು ಹಂತ ದಾಟಿದ ಮೇಲೆ ಹೊಟ್ಟೆಯ ಮೇಲ್ಭಾಗ ತಾನಾಗಿ ಒಳಕ್ಕೆ ಸೆಳೆದು ಬಿಡುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ, ಆಮೇಲೆ ಬೇಗಬೇಗ. ವಪೆ ನಮ್ಮ ಅಪ್ಪಣೆ ಕೇಳದೆ ಉಸಿರೆಳೆಯಲು ನೋಡುತ್ತಿದೆ, ಮುಚ್ಚಿದ ಗಂಟಲು ಬಿಡುತ್ತಿಲ್ಲ. ಹೊಸಬರು ಇಲ್ಲಿಯೇ ಹೆದರುತ್ತಾರೆ. ಪಳಗಿದವರು ಈ ಸೆಳೆತಗಳನ್ನು ಎಣಿಸುತ್ತಾರೆ. ಎಣಿಸುವವನಿಗೆ ಹೆದರಲು ಪುರುಸೊತ್ತು ಕಡಿಮೆ.

ಹೆದರಿಕೆಗೆ ಬೆಲೆ ತೆರಬೇಕಾಗುವುದು ಆಮ್ಲಜನಕದಲ್ಲಿ. ಗಾಬರಿಯಾದಾಗ ಅಡ್ರಿನಲಿನ್ ಹರಿದು ಹೃದಯ ಓಡುತ್ತದೆ, ದವಡೆ, ಹೆಗಲು, ಮುಷ್ಟಿ ಬಿಗಿಯುತ್ತವೆ. ಬಿಗಿದ ಪ್ರತಿಯೊಂದು ಸ್ನಾಯುವೂ ದಾಸ್ತಾನಿಗೆ ಕೈ ಹಾಕುತ್ತದೆ. ರನ್ನನ ಗದಾಯುದ್ಧದ ದುರ್ಯೋಧನ ವೈಶಂಪಾಯನ ಸರೋವರದೊಳಗೆ ಅಡಗಿದ್ದವನು. ಅವನನ್ನು ಮೇಲೆ ತಂದದ್ದು ಉಸಿರಿನ ಕೊರತೆಯಲ್ಲ, ದಡದಲ್ಲಿ ನಿಂತ ಭೀಮನ ಮೂದಲಿಕೆ. ನೀರಿನಲ್ಲಿದ್ದೂ ಅವನು ಬೆವರಿದನೆಂದು ಹೇಳುವ ರನ್ನ, ಶರೀರಶಾಸ್ತ್ರ ಓದದೆಯೇ ವಿಷಯದ ತಿರುಳು ಹಿಡಿದಿದ್ದ ಎಂದು ನನಗನ್ನಿಸುತ್ತದೆ.

ಅಭ್ಯಾಸ ಶುರುವಾಗಬೇಕಾದ್ದು ಚಾಪೆಯ ಮೇಲೆ, ಖಾಲಿ ಹೊಟ್ಟೆಯಲ್ಲಿ. ಊಟವಾದೊಡನೆ ಬೇಡ, ತುಂಬಿದ ಹೊಟ್ಟೆ ವಪೆಯನ್ನು ಮೇಲಕ್ಕೊತ್ತುತ್ತದೆ, ಅರಗಿಸುವ ಕೆಲಸಕ್ಕೂ ಆಮ್ಲಜನಕ ಬೇಕು. ಅಂಗಾತ ಮಲಗಿ ಮೂರು ನಾಲ್ಕು ನಿಮಿಷ ಹೊಟ್ಟೆಯಿಂದ ಉಸಿರಾಡಬೇಕು: ನಾಲ್ಕು ಎಣಿಸುವಷ್ಟು ಹೊತ್ತು ಒಳಕ್ಕೆ, ಎಂಟು ಎಣಿಸುವಷ್ಟು ಹೊತ್ತು ಹೊರಕ್ಕೆ. ಹೊರಬಿಡುವುದನ್ನು ಉದ್ದ ಮಾಡುವುದಕ್ಕೆ ಕಾರಣವಿದೆ. ಉಸಿರೆಳೆಯುವಾಗ ಹೃದಯದ ಬಡಿತ ತುಸು ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಮಿದುಳಿನಿಂದ ಎದೆಗೆ ಇಳಿಯುವ ವೇಗಸ್ ನರದ ಕೆಲಸ ಅದು. ಮಣಿಕಟ್ಟಿನ ನಾಡಿ ಹಿಡಿದು ಯಾರು ಬೇಕಾದರೂ ಪರೀಕ್ಷಿಸಬಹುದು. ಹಣೆ, ದವಡೆ, ನಾಲಿಗೆಯ ಬುಡ, ಹೆಗಲು ಹೀಗೆ ಒಂದೊಂದನ್ನೇ ಸಡಿಲಬಿಟ್ಟು, ಕೊನೆಗೆ ಒಂದು ತುಂಬು ಉಸಿರೆಳೆದು ನಿಲ್ಲಿಸಬೇಕು. ಕುತ್ತಿಗೆಯ ನರ ಉಬ್ಬುವಷ್ಟು ತುಂಬಿಕೊಳ್ಳಬೇಕಾಗಿಲ್ಲ.

ಉಸಿರು ಹಿಡಿದು ಧುಮುಕುವವರ ಲೋಕದಲ್ಲಿ ಬಳಕೆಯಲ್ಲಿರುವ ಒಂದು ಕೋಷ್ಟಕವಿದೆ. ನಿಮ್ಮ ಮಿತಿ ಒಂದೂವರೆ ನಿಮಿಷ ಎಂದಿಟ್ಟುಕೊಳ್ಳಿ. ಅದರ ಅರ್ಧ, 45 ಸೆಕೆಂಡು ಮಾತ್ರ ಹಿಡಿಯುವುದು. ಆಮೇಲೆ ಒಂದೂವರೆ ನಿಮಿಷ ಸಾವಧಾನವಾಗಿ ಉಸಿರಾಡುವುದು. ಮತ್ತೆ 45 ಸೆಕೆಂಡು, ವಿಶ್ರಾಂತಿ ಈಗ 75 ಸೆಕೆಂಡು. ಮುಂದಿನ ಸಲ 60, ಹೀಗೆ ಬಿಡುವು ಇಳಿಯುತ್ತ ಬರುತ್ತದೆ, ಹಿಡಿಯುವ ಹೊತ್ತು ಬದಲಾಗುವುದಿಲ್ಲ. ಬಿಡುವು ಸಾಲದ್ದರಿಂದ ಇಂಗಾಲದ ಡೈಆಕ್ಸೈಡ್ ಪೂರ್ತಿ ಹೊರಹೋಗದೆ ಸುತ್ತಿನಿಂದ ಸುತ್ತಿಗೆ ಉಳಿಯುತ್ತದೆ. ಆಮ್ಲಜನಕ ಅಪಾಯಕ್ಕಿಳಿಯದೆಯೇ ಕೂಗಿನ ಪರಿಚಯವಾಗುತ್ತದೆ. ಕೆಲವು ವಾರಗಳಲ್ಲಿ ಅದೇ 45 ಸೆಕೆಂಡು ಸಪ್ಪೆಯೆನ್ನಿಸಲು ಶುರುವಾಗುತ್ತದೆ. ನಮ್ಮ ಹಠಯೋಗದವರ ಪೂರಕ, ಕುಂಭಕ, ರೇಚಕಗಳಲ್ಲೂ ಹಂತಹಂತವಾಗಿ ಏರಿಸುವ ಪದ್ಧತಿಯೇ ಇದೆ. ಹಠಯೋಗ ಪ್ರದೀಪಿಕೆ ಈ ವಿಷಯದಲ್ಲಿ ಆತುರಗಾರರಿಗೆ ಖಾರವಾಗಿಯೇ ಎಚ್ಚರಿಕೆ ಕೊಡುತ್ತದೆ. 1976ರಲ್ಲಿ ಎಲ್ಬಾ ದ್ವೀಪದ ಬಳಿ ಒಂದೇ ಉಸಿರಿನಲ್ಲಿ 100 ಮೀಟರ್ ಆಳ ಮುಟ್ಟಿದ ಫ್ರಾನ್ಸಿನ ಜಾಕ್ ಮಯೋಲ್ ಯೋಗಾಭ್ಯಾಸಿ. ಆಗ ಅವನಿಗೆ 49 ವರ್ಷ.

ಮೊದಲ ಸಲಕ್ಕಿಂತ ಮೂರನೆಯ ಸಲ ಸುಲಭವೆನ್ನಿಸುವುದು ಭ್ರಮೆಯಲ್ಲ. ಉಸಿರು ನಿಂತಾಗ ಗುಲ್ಮ ಕುಗ್ಗಿ, ತಾನು ಕೂಡಿಟ್ಟ ಕೆಂಪು ರಕ್ತಕಣಗಳನ್ನು ಹೊರಗೆ ಬಿಡುತ್ತದೆ. ಮುಖಕ್ಕೆ ತಣ್ಣೀರು ತಾಗಿದರೆ ಇನ್ನೊಂದು ಉಪಕಾರವಾಗುತ್ತದೆ: ಹೃದಯ ನಿಧಾನಿಸುತ್ತದೆ, ಕೈಕಾಲಿನ ರಕ್ತನಾಳಗಳು ಕಿರಿದಾಗಿ ರಕ್ತ ಮಿದುಳಿಗೂ ಹೃದಯಕ್ಕೂ ಮೀಸಲಾಗುತ್ತದೆ. ಸೀಲ್, ತಿಮಿಂಗಿಲಗಳಲ್ಲಿ ಬಲವಾಗಿರುವ ಈ ಪ್ರತಿಕ್ರಿಯೆ ನಮ್ಮಲ್ಲಿ ಉಳಿದಿರುವುದು ಸ್ವಲ್ಪವೇ. ಆದರೂ ಮಲಗಿದಲ್ಲೇ ಹಣೆ, ಕಣ್ಣುಗಳ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡರೆ ಅದರ ರುಚಿ ನೋಡಬಹುದು. ಇಂಡೊನೇಷ್ಯಾದ ಬಜಾವು ಜನ ತಲೆಮಾರುಗಳಿಂದ ಧುಮುಕಿ ಮೀನು ಹಿಡಿದು ಬದುಕಿದವರು. ಅವರ ಗುಲ್ಮ ನೆರೆಯ ಸಲುವಾನ್ ಜನರದಕ್ಕಿಂತ ಸುಮಾರು ಅರ್ಧದಷ್ಟು ದೊಡ್ಡದೆಂದು 2018ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಧುಮುಕದ ಬಜಾವುಗಳಲ್ಲೂ ಅದು ದೊಡ್ಡದೇ. ಹಾಗಾಗಿ ಇದು ಅಭ್ಯಾಸದ ಫಲವಲ್ಲ, ವಂಶವಾಹಿಯ ಕೊಡುಗೆ.

ದಾಖಲೆಗಳ ವಿಷಯವನ್ನು ಬೇಗ ಮುಗಿಸುತ್ತೇನೆ. 2009ರಲ್ಲಿ ಫ್ರಾನ್ಸಿನ ಸ್ಟೆಫಾನ್ ಮಿಫ್ಸುದ್ ನೀರಿನಲ್ಲಿ ಅಲುಗದೆ 11 ನಿಮಿಷ 35 ಸೆಕೆಂಡು ಇದ್ದ. ಮೊದಲೇ ಶುದ್ಧ ಆಮ್ಲಜನಕ ಉಸಿರಾಡಿ ಇಳಿಯುವ ಇನ್ನೊಂದು ಬಗೆಯಲ್ಲಿ 2021ರಲ್ಲಿ ಕ್ರೊಯೇಷಿಯಾದ ಬುದಿಮಿರ್ ಶೋಬಾತ್ 24 ನಿಮಿಷ 37 ಸೆಕೆಂಡು ಮುಟ್ಟಿದ. ನನಗೆ ಇವರಿಗಿಂತ ಕೊರಿಯಾದ ಜೇಜು ದ್ವೀಪದ ಹೆಂಗಸರ ಮೇಲೆ ಹೆಚ್ಚು ಗೌರವ. ಹೇನ್ಯೊ ಎನ್ನುವ ಇವರು ಸುಮಾರು ಹತ್ತು ಮೀಟರ್ ಆಳಕ್ಕೆ ಇಳಿದು ಚಿಪ್ಪಿನ ಜೀವಿಗಳನ್ನು ಆಯ್ದು ತರುತ್ತಾರೆ. ಒಂದೊಂದು ಮುಳುಗು ಒಂದೆರಡು ನಿಮಿಷ, ಆದರೆ ದಿನಕ್ಕೆ ಹತ್ತಾರು ಸಲ, ಎಪ್ಪತ್ತರ ಪ್ರಾಯದಲ್ಲೂ. ಮೇಲೆ ಬಂದೊಡನೆ ಸಿಳ್ಳೆಯಂಥ ಸದ್ದಿನೊಂದಿಗೆ ಉಸಿರು ಹೊರಬಿಡುತ್ತಾರೆ. ಅವರ ಈ ಬದುಕಿನ ಕ್ರಮ 2016ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಅವರು ಇಳಿಯುವುದು ಗುಂಪಿನಲ್ಲಿ. ಒಬ್ಬರ ಮೇಲೊಬ್ಬರಿಗೆ ಕಣ್ಣಿರುತ್ತದೆ.

ಕಣ್ಣು ಏಕೆ ಬೇಕೆಂದರೆ, ಕೂಗನ್ನು ಸಹಿಸುವುದು ಬೇರೆ, ಅದು ಕೇಳಿಸದಂತೆ ಮಾಡಿಕೊಳ್ಳುವುದು ಬೇರೆ. ಕೆರೆ, ಬಾವಿ, ಈಜುಕೊಳಗಳಲ್ಲಿ ಯಾರು ಹೆಚ್ಚು ಹೊತ್ತು ಮುಳುಗಿರುತ್ತಾರೆಂದು ಪಂಥ ಕಟ್ಟುವ ಹುಡುಗರು ಧುಮುಕುವ ಮುನ್ನ ಹತ್ತಿಪ್ಪತ್ತು ಸಲ ಜೋರಾಗಿ ಉಸಿರಾಡುವುದುಂಟು. ಇದರಿಂದ ಆಮ್ಲಜನಕ ಹೆಚ್ಚುತ್ತದೆಂಬುದು ನಂಬಿಕೆ. ಆರೋಗ್ಯವಂತರ ಹಿಮೋಗ್ಲೋಬಿನ್ ಆಗಲೇ ನೂರಕ್ಕೆ 97ರಷ್ಟು ತುಂಬಿರುತ್ತದೆ. ಇನ್ನು ತುಂಬಲು ಜಾಗವೆಲ್ಲಿ? ಇಳಿಯುವುದು ಇಂಗಾಲದ ಡೈಆಕ್ಸೈಡ್. ಕುಕ್ಕರಿನ ಹಬೆಯನ್ನು ಮೊದಲೇ ಬಿಟ್ಟಂತಾಯಿತು: ಕೂಗುವ ಹೊತ್ತು ಮುಂದಕ್ಕೆ ಹೋಯಿತು, ಸಿಲಿಂಡರಿನಲ್ಲಿದ್ದದ್ದು ಅಷ್ಟೇ ಇದೆ. ಕೂಗುವ ಮೊದಲೇ ಆಮ್ಲಜನಕ ತೀರಿ, ಯಾವ ಸಂಕಟವೂ ಇಲ್ಲದೆ ಪ್ರಜ್ಞೆ ತಪ್ಪುತ್ತದೆ. ಅಮೆರಿಕದ ಆಲ್ಬರ್ಟ್ ಕ್ರೇಗ್ 1961ರಲ್ಲೇ ಇಂಥ ಪ್ರಕರಣಗಳನ್ನು ಕಲೆಹಾಕಿ ಬರೆದಿದ್ದ. ಆಳದಿಂದ ಮೇಲೇರುವಾಗ ಅಪಾಯ ಇನ್ನೂ ಹೆಚ್ಚು. ಹತ್ತು ಮೀಟರಿನಿಂದ ಮೇಲ್ಮೈಗೆ ಬರುವಷ್ಟರಲ್ಲಿ ಒತ್ತಡ ಅರ್ಧಕ್ಕಿಳಿದು ಶ್ವಾಸಕೋಶದ ಆಮ್ಲಜನಕದ ಒತ್ತಡವೂ ಒಮ್ಮೆಲೆ ಕುಸಿಯುತ್ತದೆ. ಬಹಳ ಜನ ಮೂರ್ಛೆ ಹೋಗುವುದು ಇನ್ನೇನು ಗಾಳಿ ಸಿಕ್ಕಿತು ಎನ್ನುವಾಗಲೇ.

ಆದ್ದರಿಂದ ಒಬ್ಬರೇ ಇರುವಾಗ ನೀರಿನಲ್ಲಿ ಉಸಿರು ಹಿಡಿಯುವುದು ಬೇಡವೇ ಬೇಡ, ಬಚ್ಚಲಿನ ತೊಟ್ಟಿಯಲ್ಲೂ ಬೇಡ. ಗಾಡಿ ಓಡಿಸುವಾಗಲೂ ಬೇಡ. ಹೃದ್ರೋಗ, ರಕ್ತದೊತ್ತಡ, ಮೂರ್ಛೆರೋಗ ಇರುವವರು ಮತ್ತು ಗರ್ಭಿಣಿಯರು ಚಾಪೆಯ ಮೇಲಿನ ಅಭ್ಯಾಸವನ್ನೂ ವೈದ್ಯರನ್ನು ಕೇಳದೆ ಮಾಡಬಾರದು. ನೀರಿಗಿಳಿಯುವವರು ತರಬೇತಾದ ಜೊತೆಗಾರರನ್ನು ಇಟ್ಟುಕೊಂಡು, ಒಬ್ಬರು ಮುಳುಗಿದಾಗ ಇನ್ನೊಬ್ಬರು ಮೇಲಿದ್ದು ಕಾಯಬೇಕು. ಮುಳುಗಿದವರು ಎದ್ದು ನಕ್ಕು ಕೈಬೀಸಿದರೂ ಕಾಯುವವರು ಇನ್ನೂ 30 ಸೆಕೆಂಡು ಅವರ ಮುಖದಿಂದ ಕಣ್ಣು ತೆಗೆಯುವಂತಿಲ್ಲ. ಹೊಸದಾಗಿ ಎಳೆದ ಗಾಳಿಯ ಆಮ್ಲಜನಕ ಮಿದುಳು ಮುಟ್ಟಲು ಕೆಲವು ಸೆಕೆಂಡು ಹಿಡಿಯುತ್ತದೆ, ಆ ನಡುವೆಯೇ ತಲೆ ವಾಲಿ ಮುಖ ನೀರಿಗೆ ಬೀಳಬಹುದು.