ತಂತಿಗೂ ಒಂದು ಲೇಪ

ಚನ್ನಪಟ್ಟಣವೆಂದರೆ ಅರಗಿನ ಬಣ್ಣದ ಬೊಂಬೆಗಳು ನೆನಪಾಗುತ್ತವೆ. ಇದೇ ಊರು ಹಿಂದೆ ವಾದ್ಯಗಳ ಉಕ್ಕಿನ ತಂತಿಗೂ ಹೆಸರಾಗಿತ್ತು. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇದನ್ನು ದಾಖಲಿಸಿದ್ದಾನೆ. ಈಗ ಬೊಂಬೆಯಂತೆ ಗಿಟಾರಿನ ತಂತಿಗೂ ಲೇಪ ಬಂದಿದೆ. ಏಕೆ?

ತಂತಿಯ ಆವೃತ್ತಿಯು ಅದರ ಏಕಮಾನ ಉದ್ದದ ರಾಶಿಯ ವರ್ಗಮೂಲಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ರಾಶಿ ಶೇಕಡಾ 1ರಷ್ಟು ಹೆಚ್ಚಿದರೆ ಆವೃತ್ತಿ ಸುಮಾರು ಶೇಕಡಾ 0.5ರಷ್ಟು ತಗ್ಗುತ್ತದೆ. ಈ ಹೆಚ್ಚಳ ಎಲ್ಲೆಡೆ ಸಮನಾಗಿದ್ದರೆ ಬಿರಡೆ ತಿರುಗಿಸಿ ಶ್ರುತಿ ಸರಿಪಡಿಸಬಹುದು. ಆದರೆ ಬೆವರು, ಕೊಳೆ, ತುಕ್ಕು ಬೆರಳು ತಾಗುವಲ್ಲಿಯೇ ಹೆಚ್ಚು. ಆಗ ಉಪಸ್ವರಗಳು ಮೂಲಸ್ವರದ ಸರಿಯಾಗಿ 2, 3, 4 ಪಟ್ಟು ಆಗಿ ಉಳಿಯುವುದಿಲ್ಲ. ಈ ದೋಷವನ್ನು ಬಿರಡೆಯಿಂದ ತಿದ್ದಲಾಗದು. ಸುತ್ತುತಂತಿಯ ಸಂದುಗಳಲ್ಲಿ ಸೇರಿದ ಕೊಳೆಯು ಮೇಲಿನ ಉಪಸ್ವರಗಳ ಶಕ್ತಿಯನ್ನೂ ಹೀರುತ್ತದೆ, ನಾದ ಮಂಕಾಗುತ್ತದೆ.

ಪಾಲಿಮರ್ ಲೇಪವು ಬೆವರನ್ನು ತಡೆಯುತ್ತದೆ. ಅದು ದಪ್ಪವಾದರೆ ತಾನೇ ಕಂಪನವನ್ನು ಕುಗ್ಗಿಸುತ್ತದೆ. ತೆಳುವಾದರೆ ಬೇಗ ಸವೆಯುತ್ತದೆ. ಬಾಗದ ಮರಕ್ಕೆ ಗಡಸು ಅರಗು ಸಾಕು. ಸೆಕೆಂಡಿಗೆ ನೂರಾರು ಸಲ ಬಾಗುವ ತಂತಿಗೆ ಬಾಗುವ ಲೇಪವೇ ಬೇಕು. ಲೋಹದ ಮೆಟ್ಟಿಲಿಗೆ ಒತ್ತುವಲ್ಲಿ ಲೇಪ ಮೊದಲು ಹರಿಯುತ್ತದೆ. ತುಕ್ಕು ಅಲ್ಲಿಂದಲೇ ಒಳಹೊಗುತ್ತದೆ.

ಶಾಲೆಯ ಸೊನೊಮೀಟರಿನಲ್ಲಿ ಹೀಗೆ ಪರೀಕ್ಷಿಸಿ. ತೂಕವನ್ನು ಬದಲಿಸದೆ, ಒಂದೇ ಶ್ರುತಿಕವೆಯೊಡನೆ ಅನುರಣಿಸುವ ಉದ್ದವನ್ನು ತಂತಿಯ ಎರಡು ಬೇರೆ ಭಾಗಗಳಲ್ಲಿ ಅಳೆಯಿರಿ. ಮತ್ತೆ ಮತ್ತೆ ಅಳೆದರೂ ಉದ್ದಗಳು ಬೇರೆಯಾಗಿಯೇ ಬಂದರೆ ತಂತಿ ಏಕರೂಪವಾಗಿಲ್ಲ. ಉತ್ತರ ತಪ್ಪಿತೆಂದು ವಿದ್ಯಾರ್ಥಿಯ ಅಂಕ ಕಳೆಯುವ ಮುನ್ನ ತಂತಿಯನ್ನೊಮ್ಮೆ ನೋಡುವುದು ನ್ಯಾಯ.